ಒಂದೇ ಸೂಲಿನ ನಾಲ್ಕು ಮರಿಗಳು: ದಾವಣಗೆರೆಯ ಒಂದು ಪ್ರಕರಣ

ಕಾರ್ತಿಕ ಮಾಸ ಮುಗಿಯುತ್ತಿದ್ದ ಒಂದು ವಾರ, ಆಗ ನಾನು ಪಶುವೈದ್ಯನಾಗಿ ಕೆಲಸ ಮಾಡುತ್ತಿದ್ದ ದಾವಣಗೆರೆಯ ಆಸ್ಪತ್ರೆಗೆ ನಾಲ್ಕು ದಿನಗಳ ಅಂತರದಲ್ಲಿ ಮೂರು ನಾಯಿಮರಿಗಳು ಒಂದೇ ಕಾಯಿಲೆಯಿಂದ ಬಂದವು. ಮೂರಕ್ಕೂ ವಾಂತಿ, ರಕ್ತ ಬೆರೆತ ಬೇಧಿ, ನಿತ್ರಾಣ. ಮೂರೂ ಸುಮಾರು 45 ದಿನದ ಮರಿಗಳು, ಮೂರೂ ಕಂದು ಮೈಯ ಜವಾರಿ ಜಾತಿಯವು. ಮೂರನೆಯದರ ಎದೆಯ ಮೇಲಿನ ಬಿಳಿ ಪಟ್ಟೆಯನ್ನು ಕಂಡಾಗ ಮೊದಲೆರಡರ ಎದೆಯ ಮೇಲೂ ಅಂಥದೇ ಪಟ್ಟೆ ಇದ್ದುದು ನೆನಪಾಯಿತು. ವಿಚಾರಿಸಿದಾಗ ಅವೆಲ್ಲ ಹಳೆಯ ಊರಿನ ಒಂದು ಓಣಿಯಲ್ಲಿ, ದರ್ಜಿಯೊಬ್ಬರ ಮನೆಯ ಮೆಟ್ಟಿಲ ಕೆಳಗೆ ಹುಟ್ಟಿದ ಒಂದೇ ಸೂಲಿನವೆಂದು ತಿಳಿಯಿತು. ದರ್ಜಿಯ ತಾಯಿ ಆ ಬೀದಿನಾಯಿಗೆ ಬಾಣಂತನದ ದಿನಗಳಲ್ಲಿ ಅನ್ನ ಹಾಕಿ ಸಾಕಿದ್ದರು. ಹಿಂದಿನ ಭಾನುವಾರ ಅವರೇ ಮೂರು ಮರಿಗಳನ್ನು ಮೂರು ಮನೆಗೆ ಕೊಟ್ಟಿದ್ದರು. ನಾಲ್ಕನೆಯದು ತಾಯಿಯ ಜೊತೆ ಓಣಿಯಲ್ಲಿಯೇ ಉಳಿದಿತ್ತು.

ಸಾಕುವವರ ಹಿನ್ನೆಲೆಗೂ ಅವರು ವೈದ್ಯರ ಬಳಿ ಬರುವ ರೀತಿಗೂ ಏನು ಸಂಬಂಧ ಎಂಬ ಪ್ರಶ್ನೆ ನಮ್ಮ ವೃತ್ತಿಯಲ್ಲಿ ಹಳೆಯದು. ಆದರೆ ಒಬ್ಬರ ನಾಯಿಗೆ ಬಾಧಿಸಿದ ರೋಗ ಇನ್ನೊಬ್ಬರ ನಾಯಿಗೆ ಇರುವುದಿಲ್ಲ, ಒಂದರ ವಯಸ್ಸು ಇನ್ನೊಂದರದಲ್ಲ, ಒಂದಕ್ಕೆ ಕೊಟ್ಟ ಬೆಲೆ ಇನ್ನೊಂದಕ್ಕೆ ಕೊಟ್ಟಿರುವುದಿಲ್ಲ; ಹಾಗಾಗಿ ತಡವಾಗಿ ಬಂದದ್ದು ಮನೆಯವರಿಂದಲೋ ರೋಗದ ಸ್ವಭಾವದಿಂದಲೋ ಎಂದು ಹೇಳುವುದು ಕಷ್ಟ. ಇಲ್ಲಿ ತಾಯಿ, ವಯಸ್ಸು, ರೋಗ, ವಾರ ಎಲ್ಲವೂ ಒಂದೇ, ಮರಿಗೆ ಕೊಟ್ಟ ಬೆಲೆಯೂ ಒಂದೇ, ಅಂದರೆ ಸೊನ್ನೆ. ಬೇರೆಯಾಗಿದ್ದುದು ಮನೆಗಳು ಮಾತ್ರ. ಆ ಕಾರಣಕ್ಕೆ ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮೂರು ಮನೆಗಳಿಂದ ಇಡೀ ಜಿಲ್ಲೆಯ ಬಗ್ಗೆ ತೀರ್ಪು ಕೊಡುವ ಉದ್ದೇಶ ನನ್ನದಲ್ಲ.

ರೋಗ ಪಾರ್ವೊ. ನಾಯಿಗಳಲ್ಲಿ ಇದು ಹೊಸ ರೋಗವಾಗಿ ಗುರುತಿಸಲ್ಪಟ್ಟದ್ದು 1978ರಲ್ಲಿ. ಕೆಲವೇ ವರ್ಷಗಳಲ್ಲಿ ಜಗತ್ತಿನೆಲ್ಲೆಡೆ ಹರಡಿತು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಕರಗತೊಡಗುವ ಆರನೆಯ ವಾರದಿಂದ ಆರು ತಿಂಗಳವರೆಗಿನ ಮರಿಗಳನ್ನು ಇದು ಹೆಚ್ಚಾಗಿ ಹಿಡಿಯುತ್ತದೆ. ವೈರಾಣು ದೇಹ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಭಾನುವಾರ ಬೇರೆಯಾದ ಮರಿಗಳು ಗುರುವಾರ ರಾತ್ರಿಯಿಂದ ಶುಕ್ರವಾರ ಸಂಜೆಯೊಳಗೆ ಮಲಗಿದ್ದನ್ನು ನೋಡಿದರೆ, ಓಣಿಯಲ್ಲಿದ್ದಾಗಲೇ ಸೋಂಕು ತಗುಲಿತ್ತೆಂದು ತೋರುತ್ತದೆ. ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧಿ ಬಳಕೆಯಲ್ಲಿ ಇರಲಿಲ್ಲ. ಸಲೈನ್ ಕೊಟ್ಟು ನೀರಿನಂಶ ಉಳಿಸುವುದು, ವಾಂತಿ ತಡೆಯುವುದು, ಸುಲಿದುಹೋದ ಕರುಳಿನ ಮೂಲಕ ರಕ್ತಕ್ಕೆ ನುಗ್ಗುವ ಬ್ಯಾಕ್ಟೀರಿಯಾಗಳಿಗೆ ಪ್ರತಿಜೀವಕ ಕೊಡುವುದು, ಮೈ ಬೆಚ್ಚಗಿಡುವುದು, ಇಷ್ಟನ್ನೇ ನಾಲ್ಕೈದು ದಿನ ಬಿಡದೆ ಮಾಡಬೇಕು. ಹೀಗೆ ಮಾಡಿದರೆ ಹೆಚ್ಚಿನ ಮರಿಗಳು ಬದುಕುತ್ತವೆ, ಮಾಡದಿದ್ದರೆ ಹೆಚ್ಚಿನವು ಸಾಯುತ್ತವೆ. ಆದ್ದರಿಂದ ಇಲ್ಲಿ ಎರಡು ಲೆಕ್ಕಗಳಿವೆ: ಎಷ್ಟು ಬೇಗ ಬಂದರು ಎಂಬುದು ಒಂದು, ಎಷ್ಟು ದಿನ ಬರುತ್ತಲೇ ಇದ್ದರು ಎಂಬುದು ಇನ್ನೊಂದು. ಈ ಎರಡನ್ನೂ ಒಂದೇ ಎಂದು ತಿಳಿದುಕೊಂಡಿದ್ದು ನನ್ನ ಬಹುದಿನದ ತಪ್ಪು.

ಮೊದಲು ಬಂದವರು ಕುರಿ ಸಾಕುವವರು. ಜಗಳೂರು ತಾಲ್ಲೂಕಿನ ಅವರು ದರ್ಜಿಯ ಮನೆಗೆ ದೂರದ ನೆಂಟರು. ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಭದ್ರಾ ನಾಲೆಯ ಬಯಲಿಗೆ ಮಂದೆ ಹೊಡೆದುಕೊಂಡು ಬಂದು, ಗದ್ದೆಯಿಂದ ಗದ್ದೆಗೆ ಕುರಿ ತರುಬುತ್ತ ಬೇಸಿಗೆಯವರೆಗೆ ಈ ಕಡೆಯೇ ಇರುತ್ತಾರೆ. ಹಿಂದಿನ ನಾಯಿ ಚಿರತೆಯ ಪಾಲಾಗಿದ್ದರಿಂದ ಈ ಮರಿಯನ್ನು ಒಯ್ದಿದ್ದರು. ಗುರುವಾರ ರಾತ್ರಿ ಮರಿ ವಾಂತಿ ಮಾಡಿತು. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವಾಗ ಅವರು ಹದಿನೈದು ಕಿಲೋಮೀಟರ್ ದೂರದಿಂದ ಇನ್ನೊಬ್ಬರ ಬೈಕಿನ ಹಿಂದೆ ಕುಳಿತು ಬಂದು, ಕಂಬಳಿಯ ಮಡಿಕೆಯಲ್ಲಿ ಮರಿಯನ್ನಿಟ್ಟುಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. "ಎರಡು ಸರ್ತಿ ಕಕ್ಕಿತ್ರೀ, ಆಮ್ಯಾಕೆ ನೆತ್ರ ಬಿತ್ತು. ಕುರಿಗೆ ಹಿಂಗಾದ್ರೆ ಹೊತ್ತು ಕಳಿಯಂಗಿಲ್ಲ ಅಂತ ಗೊತ್ತಲ್ರೀ" ಎಂದರು.

ಈ ಮಾತಿನಲ್ಲಿ ಅವರ ಹಿನ್ನೆಲೆ ಇಡಿಯಾಗಿ ಇದೆ. ಅವರು ಓದಿದ್ದು ಮೂರನೆಯ ಇಯತ್ತೆ. ನಾಯಿಯ ರೋಗಗಳ ಬಗ್ಗೆ ಅವರಿಗೆ ವಿಶೇಷವಾಗಿ ಏನೂ ತಿಳಿದಿರಲಿಲ್ಲ. ಆದರೆ ಕರುಳುಬೇನೆಯಲ್ಲಿ ರಾತ್ರಿ ಚೆನ್ನಾಗಿದ್ದ ಕುರಿ ಬೆಳಗಾಗುವುದರಲ್ಲಿ ಸತ್ತುಬಿದ್ದಿರುವುದನ್ನು ಕಂಡಿದ್ದರು. ಲಸಿಕೆಗೆ, ಜಂತಿನ ಔಷಧಿಗೆ ವರ್ಷಕ್ಕೆ ಎರಡು ಮೂರು ಸಲ ಪಶು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಮಂದೆಯ ಬಳಿಗೆ ಸಂಚಾರಿ ವಾಹನವನ್ನು ಕರೆಸಿದ್ದೂ ಉಂಟು. ಎಲ್ಲಿ ಚೀಟಿ ಬರೆಸಬೇಕು, ಯಾರನ್ನು ಕೇಳಬೇಕು, ಎಷ್ಟು ಹೊತ್ತಿಗೆ ಬಂದರೆ ಡಾಕ್ಟರು ಸಿಗುತ್ತಾರೆ ಎಂಬುದಕ್ಕಾಗಿ ಅವರು ಯೋಚಿಸಬೇಕಾಗಿರಲಿಲ್ಲ. ನಾಯಿಯನ್ನು ಎತ್ತಿಕೊಂಡು ಬರುವಾಗ ಅವರು ನಡೆದದ್ದು ಕುರಿಗಳು ಸವೆಸಿಟ್ಟಿದ್ದ ಹಾದಿಯಲ್ಲಿಯೇ.

ಸಲೈನ್ ಹಾಕಿದೆ, ವಾಂತಿಗೆ ಮತ್ತು ಸೋಂಕಿಗೆ ಇಂಜೆಕ್ಷನ್ ಕೊಟ್ಟೆ. "ನಾಳೆ ಮತ್ತೆ ಕರ್ಕೊಂಡು ಬನ್ನಿ" ಎಂದೆ. "ಆತು ಸಾ" ಎಂದರು. ಶನಿವಾರ ಬರಲಿಲ್ಲ, ಭಾನುವಾರವೂ ಬರಲಿಲ್ಲ. ಮಂಗಳವಾರ ಫೋನು ಮಾಡಿದಾಗ ಮಂದೆ ಶನಿವಾರ ನಸುಕಿನಲ್ಲಿಯೇ ಹರಿಹರದ ಕಡೆಗೆ ಹೊರಟಿತ್ತೆಂದೂ, ಮರಿ ಶುಕ್ರವಾರ ಸಂಜೆ ಕಣ್ಣು ಬಿಟ್ಟು ಒಂದಿಷ್ಟು ನೀರು ಕುಡಿದಿತ್ತೆಂದೂ, ಭಾನುವಾರ ಮಧ್ಯಾಹ್ನ ಸತ್ತಿತೆಂದೂ ಗೊತ್ತಾಯಿತು. "ಸೂಜಿ ಹಾಕಿಸಿದ್ವಲ್ರೀ, ತಡೀತೈತಿ ಅನ್ಕಂಡಿದ್ವಿ."

ಈ ಮಾತನ್ನು ಅಲಕ್ಷ್ಯವೆಂದು ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ಕುರಿಯ ಚಿಕಿತ್ಸೆಯ ಅನುಭವ ಅವರಿಗೆ ಕಲಿಸಿದ್ದು ಅದನ್ನೇ. ಮಂದೆಗೆ ಒಂದು ಸಲ ಲಸಿಕೆ, ಬಿದ್ದ ಕುರಿಗೆ ಒಂದು ಸೂಜಿ. ಎದ್ದರೆ ಎದ್ದಿತು, ಇಲ್ಲವಾದರೆ ಇಲ್ಲ. ಒಂದು ಪ್ರಾಣಿಗಾಗಿ ಐದು ದಿನ ದಿನಕ್ಕೊಮ್ಮೆ ಬಂದು ಎರಡು ತಾಸು ಕೂರುವ ಚಿಕಿತ್ಸೆ ಅವರ ಜೀವನದಲ್ಲಿ ಮನುಷ್ಯರಿಗೆ ಮಾತ್ರ ಇತ್ತು. ಕುರಿ ಸಾಕುವ ಹಿನ್ನೆಲೆ ಅವರನ್ನು ಎಲ್ಲರಿಗಿಂತ ಮೊದಲು ಕರೆತಂದಿತು. ಮರುದಿನ ಬರದಂತೆ ಮಾಡಿದ್ದೂ ಅದೇ ಹಿನ್ನೆಲೆ. ಇದರಲ್ಲಿ ನನ್ನ ಪಾಲೂ ಇದೆ. ಕಂಬಳಿ, ಕೋಲು, ಬದಿಯಲ್ಲಿ ತೂಗುತ್ತಿದ್ದ ಚೀಲ ಎಲ್ಲವೂ ಕಣ್ಣ ಮುಂದಿದ್ದವು, ಆದರೂ "ನಾಳೆ ನಿಮ್ಮ ಮಂದೆ ಎಲ್ಲಿರುತ್ತದೆ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಹರಿಹರದ ಕಡೆಯ ಸಹೋದ್ಯೋಗಿಗೆ ಒಂದು ಚೀಟಿ ಬರೆದುಕೊಡಬಹುದಿತ್ತು.

ಎರಡನೆಯವರು ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವ ಹೆಣ್ಣುಮಗಳು. ದಾವಣಗೆರೆಯ ಮಂಡಕ್ಕಿಯ ರುಚಿ ಬಲ್ಲವರೆಲ್ಲರಿಗೂ ಆ ಭಟ್ಟಿಗಳ ಹೊತ್ತು ತಿಳಿದಿರುವುದಿಲ್ಲ: ಕೆಲಸ ಬೆಳಗಿನ ಜಾವ ಕತ್ತಲಿರುವಾಗಲೇ ಹತ್ತುತ್ತದೆ, ಕೂಲಿ ಚೀಲದ ಲೆಕ್ಕದಲ್ಲಿ, ನಡುವೆ ಎದ್ದು ಹೋದರೆ ಆ ದಿನದ ಚೀಲಗಳು ಬೇರೆಯವರ ಪಾಲು. ಶುಕ್ರವಾರ ಸಂಜೆ ಮನೆಗೆ ಬಂದಾಗ ಮರಿ ಮೂಲೆಯಲ್ಲಿ ಮುದುರಿತ್ತು. ಅವರಿಗೆ ಅದು ರೋಗವೆಂದು ಗೊತ್ತಾಗಿರಲಿಲ್ಲ ಎನ್ನುವಂತಿಲ್ಲ. ಎಂಟು ವರ್ಷದ ಮಗಳು ಆಗಲೇ ಅಳುತ್ತಿದ್ದಳು. ಆಸ್ಪತ್ರೆ ತೆರೆದಿರುವ ಹೊತ್ತೂ ಭಟ್ಟಿಯ ಹೊತ್ತೂ ಹೆಚ್ಚುಕಡಿಮೆ ಒಂದರ ಮೇಲೊಂದು ಬೀಳುತ್ತಿದ್ದವು. ಶನಿವಾರ ಮಧ್ಯಾಹ್ನ ಹೊರಟರೆ ಇಬ್ಬರು ಆಟೋದವರು ನಾಯಿ ನೋಡಿ ನಿಲ್ಲಿಸದೆ ಹೋದರು. ಒಬ್ಬರು "ರಕ್ತ ಬೀಳುತ್ತೆ ಯಕ್ಕಾ, ಸೀಟು ಹೊಲಸಾಗತ್ತೆ" ಎಂದರಂತೆ. ಭಾನುವಾರ ಕೆಲಸವನ್ನು ನಡುವಿಗೇ ಬಿಟ್ಟು, ಮರಿಯನ್ನು ಮಂಡಕ್ಕಿಯ ಖಾಲಿ ಚೀಲದಲ್ಲಿಟ್ಟು ಮೇಲೆ ಸೆರಗು ಮುಚ್ಚಿ, ಮೂರು ಕಿಲೋಮೀಟರ್ ನಡೆದು, ಬಾಗಿಲು ಮುಚ್ಚುವ ಹೊತ್ತಿಗೆ ಬಂದರು. ಶುಕ್ರವಾರದ ಸಂಜೆಯಿಂದ ಎಣಿಸಿದರೆ ನಲವತ್ತು ಗಂಟೆ ಕಳೆದಿತ್ತು. ಒಸಡು ಸುಣ್ಣದಂತೆ ಬಿಳಿಯಾಗಿತ್ತು, ಬೆನ್ನ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು.

ನಾನು ಅವರೊಡನೆ ಆಡಿದ್ದು ಎರಡು ನಿಮಿಷದ ಮಾತು. ಐದು ದಿನ ತರಬೇಕಾಗುತ್ತದೆ ಎಂದೆ, ಮನಸ್ಸಿನಲ್ಲಿ ಇವರು ನಾಳೆ ಬರುವವರಲ್ಲ ಎಂದುಕೊಂಡೆ. ಅವರು ಐದು ದಿನವೂ ಬಂದರು. ಭಟ್ಟಿಯ ಯಜಮಾನರ ಹತ್ತಿರ ಮಾತಾಡಿ ಅರ್ಧ ದಿನದ ಕೂಲಿ ಬಿಟ್ಟರು. ಎರಡು ದಿನ ಪಕ್ಕದ ಮನೆಯ ಹುಡುಗ ಸೈಕಲ್ಲಿನಲ್ಲಿ ತಂದ. ನಾವು ಹೊರಗಿನಿಂದ ಬರೆದುಕೊಟ್ಟ ಔಷಧಿಗೆ ಕಾಸು ಸಾಲದಾದಾಗ, ಸ್ತ್ರೀಶಕ್ತಿ ಸಂಘದ ಗೆಳತಿಯ ಹತ್ತಿರ ಕೈಸಾಲ ತಂದರು. ಕೊನೆಯ ದಿನ, ಯಾಕೆ ಇಷ್ಟು ಕಷ್ಟಪಟ್ಟಿರಿ ಎಂದು ಕೇಳಿದ್ದಕ್ಕೆ, ಮಗಳಿಗೆ ಮೂರು ವರ್ಷವಿದ್ದಾಗ ವಾಂತಿಬೇಧಿಯಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ನಾಲ್ಕು ದಿನ ಗ್ಲೂಕೋಸ್ ಹಾಕಿದ್ದರು, ಮೊದಲ ದಿನ ಏನೂ ಗೆಲುವಾಗಿರಲಿಲ್ಲ, ಮೂರನೇ ದಿನಕ್ಕೆ ಕಣ್ಣು ಬಿಟ್ಟಿತ್ತು ಎಂದರು. "ಬಾಟ್ಲಿ ಒಂದಿನಕ್ಕೆ ಹಿಡಿಯಲ್ರೀ ಸರ್, ಹಾಕ್ತಾನೇ ಇರಬೇಕು." ಕುರಿಯವರಿಗೆ ಕುರಿ ಕಲಿಸದೇ ಬಿಟ್ಟದ್ದನ್ನು ಇವರಿಗೆ ಮಗಳ ಕಾಯಿಲೆ ಕಲಿಸಿತ್ತು. ಮರಿ ಬದುಕಿತು.

ಮೂರನೆಯ ಮನೆಯ ಬಗ್ಗೆ ಬರೆಯುವಾಗ ಮುಜುಗರವಾಗುತ್ತದೆ, ಏಕೆಂದರೆ ಅದು ನನ್ನ ಮನೆಯಂಥ ಮನೆ. ಗಂಡ ವಿಮಾ ಕಚೇರಿಯಲ್ಲಿ ಅಧಿಕಾರಿ, ಹೆಂಡತಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರು, ಮಗಳು ಪಿಯುಸಿ. ಕಾರಿದೆ, ಆಸ್ಪತ್ರೆಗೆ ಎರಡು ಕಿಲೋಮೀಟರ್. ಶುಕ್ರವಾರ ಬೆಳಿಗ್ಗೆ ಮರಿ ಹಾಲು ಬಿಟ್ಟಿತು. ಅವರು ಬಂದದ್ದು ಸೋಮವಾರ ಸಂಜೆ. ಎಂಬತ್ತು ಗಂಟೆ.

ಆ ಎಂಬತ್ತು ಗಂಟೆಗಳು ಖಾಲಿಯಾಗಿರಲಿಲ್ಲ. ಶುಕ್ರವಾರ ಮಗಳು ಮೊಬೈಲಿನಲ್ಲಿ ಹುಡುಕಿ ಮೊಸರನ್ನ, ಅರಿಶಿನದ ನೀರು ತಿನ್ನಿಸಲು ನೋಡಿದಳು. ಶನಿವಾರ ತಂದೆ ಮೆಡಿಕಲ್ ಶಾಪಿನಿಂದ ಬೇಧಿ ನಿಲ್ಲಿಸುವ ಗುಳಿಗೆ ತಂದು ಕಾಲು ಭಾಗ ನುಂಗಿಸಿದರು. ಕರುಳು ಸುಲಿದಿರುವ ಮರಿಗೆ ಅದರ ಚಲನೆ ಕಟ್ಟಿಹಾಕುವ ಗುಳಿಗೆ ಒಳ್ಳೆಯದಲ್ಲ. ಪರಿಚಯದ ವೈದ್ಯರೊಬ್ಬರು, ಮನುಷ್ಯರಿಗೆ ಔಷಧಿ ಕೊಡುವವರು, ಫೋನಿನಲ್ಲಿ ಓಆರ್‌ಎಸ್ ಕುಡಿಸಲು ಹೇಳಿದರು, ಕುಡಿಸಿದ್ದೆಲ್ಲ ವಾಂತಿಯಾಯಿತು. ಈ ಮನೆಯಲ್ಲಿ ಹಿಂದೆ ಹನ್ನೊಂದು ವರ್ಷ ಒಂದು ಪೊಮೆರೇನಿಯನ್ ಇತ್ತು, ಅದರ ಲಸಿಕೆಯ ಕಾರ್ಡು ಇಂದಿಗೂ ಕಡತದಲ್ಲಿದೆ, ಒಂದು ವರ್ಷವೂ ತಪ್ಪಿರಲಿಲ್ಲ. ಅದನ್ನು ನೋಡುತ್ತಿದ್ದ ಖಾಸಗಿ ಪಶುವೈದ್ಯರು ಊರು ಬಿಟ್ಟಿದ್ದರು. ಭಾನುವಾರ ಅವರ ಹಳೆಯ ನಂಬರಿಗೆ ನಾಲ್ಕು ಸಲ ಕರೆ ಹೋಗಿದೆ. ಸರ್ಕಾರಿ ಪಶು ಆಸ್ಪತ್ರೆಯ ಮುಂದೆ ಶಿಕ್ಷಕಿ ದಿನವೂ ಸ್ಕೂಟರಿನಲ್ಲಿ ಹೋಗುತ್ತಿದ್ದರು. "ಅದು ದನದ ಆಸ್ಪತ್ರೆ ಅಂದ್ಕೊಂಡಿದ್ವಿ ಸರ್, ನಾಯಿ ನೋಡ್ತಾರೆ ಅಂತ ಗೊತ್ತಿರಲಿಲ್ಲ."

ಅವರಿಗೆ ಗೊತ್ತಿದ್ದದ್ದು ಒಬ್ಬ ವೈದ್ಯರು, ಆಸ್ಪತ್ರೆಯ ದಾರಿಯಲ್ಲ. ಆ ಒಬ್ಬರು ಇಲ್ಲವಾದಾಗ, ಊರಿನ ಅತ್ಯಂತ ಓದಿದ ಮನೆಗಳಲ್ಲೊಂದು, ಮೂರನೇ ಇಯತ್ತೆ ಓದಿದ ಕುರಿಗಾಹಿಯ ಮುಂದೆ ದಿಕ್ಕು ಕಾಣದೆ ನಿಂತಿತು. ಓದು ಅವರಿಗೆ ಕೊಟ್ಟದ್ದು ಮನೆಯಲ್ಲಿಯೇ ಮಾಡಿ ನೋಡಬಹುದಾದ ಹತ್ತು ಉಪಾಯಗಳನ್ನು. ಪ್ರತಿ ಉಪಾಯವೂ ಅರ್ಧ ದಿನ ತಿಂದಿತು.

ಇನ್ನೂ ಒಂದು ಸಂಗತಿ ನನ್ನನ್ನು ಕಾಡಿದ್ದು. ಪೊಮೆರೇನಿಯನ್‌ಗೆ ಆರರಿಂದ ಎಂಟು ವಾರದೊಳಗೆ ಲಸಿಕೆ ಶುರುಮಾಡಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಿ ಹದಿನಾರನೆಯ ವಾರದವರೆಗೆ ಮುಂದುವರಿಸಬೇಕು ಎಂದು ಬಲ್ಲ ಮನೆ, ಈ ಮರಿಯನ್ನು ತಂದು ಐದು ದಿನವಾದರೂ ಆ ಮಾತನ್ನೇ ಎತ್ತಿರಲಿಲ್ಲ. ಕೇಳಿದರೆ, "ಜವಾರಿ ಅಲ್ವಾ ಸರ್, ಗಟ್ಟಿ ಇರುತ್ತೆ ಅಂತ" ಎಂದರು. ಇದು ಅವರೊಬ್ಬರ ಮಾತಲ್ಲ, ನಾನು ವಾರಕ್ಕೊಮ್ಮೆಯಾದರೂ ಕೇಳುವ ಮಾತು. ಬೀದಿಯಲ್ಲಿ ಬದುಕುಳಿದ ನಾಯಿಗಳನ್ನು ನೋಡಿ ಜವಾರಿಗಳೆಲ್ಲ ಗಟ್ಟಿ ಎನ್ನುತ್ತೇವೆ. ಮರಿಯಾಗಿದ್ದಾಗಲೇ ಚರಂಡಿ ಪಕ್ಕ ಸತ್ತವುಗಳನ್ನು ಎಣಿಕೆಗೆ ಹಿಡಿದವರಿಲ್ಲ. ಪಾರ್ವೊ ವೈರಾಣುವಿಗೆ ಜವಾರಿ ಮರಿಯೂ ಮರಿಯೇ. ಸಾಕುವವರ ಹಿನ್ನೆಲೆಯನ್ನು ಅಳೆಯುವಾಗ ಅವರ ಆದಾಯ, ಓದು, ಕಸುಬುಗಳನ್ನು ಮಾತ್ರ ಕೇಳಿದರೆ ಈ ಮನೆ ಒಳ್ಳೆಯ ಪಾಲಕರ ಪಟ್ಟಿಯಲ್ಲಿ ಮೇಲಿರುತ್ತದೆ. ಅದೇ ಮನೆ ಎರಡು ನಾಯಿಗಳಿಗೆ ಎರಡು ಬಗೆಯಾದದ್ದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಮರಿ ಸೋಮವಾರ ರಾತ್ರಿ ಸತ್ತಿತು. ಅವರೊಡನೆ ನಾನು ಇಪ್ಪತ್ತು ನಿಮಿಷ ಮಾತಾಡಿದೆ, ಕುರ್ಚಿ ಕೊಟ್ಟೆ. ಭಟ್ಟಿಯವರಿಗೆ ಕೊಟ್ಟಿರಲಿಲ್ಲ ಎಂಬುದು ಈ ಟಿಪ್ಪಣಿ ಬರೆಯುವಾಗ ಹೊಳೆಯಿತು.

ಹಣದ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸಾಕುಪ್ರಾಣಿಗಳಿರುವ ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚಿನವು ಹಿಂದಿನ ಎರಡು ವರ್ಷಗಳಲ್ಲಿ ಬೇಕಾದ ಚಿಕಿತ್ಸೆ ಕೊಡಿಸಲು ಅಡ್ಡಿ ಎದುರಿಸಿದ್ದವು, ಮುಖ್ಯ ಅಡ್ಡಿ ಹಣವೇ ಆಗಿತ್ತು. ಅಲ್ಲಿ ಚಿಕಿತ್ಸೆಯ ಬಹುಪಾಲು ಖಾಸಗಿ, ಬಿಲ್ಲು ದೊಡ್ಡದು. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣುವ ಖರ್ಚು ಅಲ್ಪ, ಆದರೂ ದನಕರುಗಳ ಔಷಧಿ ಸಿಗುವಷ್ಟು ಸುಲಭವಾಗಿ ನಾಯಿಯ ಔಷಧಿ, ನಾಯಿಯ ಲಸಿಕೆ ಕಪಾಟಿನಲ್ಲಿ ಸಿಗುವುದಿಲ್ಲ, ಹೊರಗೆ ಬರೆಯಬೇಕಾಗುತ್ತದೆ. ಬಂದ ಕ್ರಮವನ್ನು ಹಣ ವಿವರಿಸುವುದಿಲ್ಲ, ಹಣವಿದ್ದವರೇ ಕೊನೆಗೆ ಬಂದರು. ಹಾಗೆಂದು ಹಣ ಲೆಕ್ಕಕ್ಕಿಲ್ಲ ಎನ್ನುವುದು ಭಟ್ಟಿಯವರಿಗೆ ಮಾಡುವ ಅನ್ಯಾಯ. ಅವರ ಪಾಲಿಗೆ ಬಿಲ್ಲಿಗಿಂತ ಭಾರವಾದದ್ದು ಹೊತ್ತು. ಚೀಲದ ಲೆಕ್ಕದಲ್ಲಿ ದುಡಿಯುವವರಿಗೆ ಆಸ್ಪತ್ರೆಯ ಬೆಂಚಿನ ಮೇಲಿನ ಎರಡು ತಾಸು ಉಚಿತವಲ್ಲ.

ಪ್ರೀತಿಯ ಮಾತನ್ನೂ ಆಡಲೇಬೇಕು, ಏಕೆಂದರೆ ತಡವಾಗಿ ತಂದವರ ಬಗ್ಗೆ ನಮ್ಮಲ್ಲಿ ಮೊದಲು ಬರುವ ಮಾತು "ಪ್ರೀತಿ ಇಲ್ಲ" ಎಂಬುದು. ವಿಮಾ ಅಧಿಕಾರಿಯ ಮಗಳು ಮೂರು ರಾತ್ರಿ ಮರಿಯ ಪಕ್ಕ ಮಲಗಿದ್ದಳು. ಕುರಿಯವರು ಮರಿಯನ್ನು ಹೊಲದ ಬದುವಿನಲ್ಲಿ ಹೂಳಿ ಮೇಲೆ ಕಲ್ಲಿಟ್ಟರು. ಅಕ್ಕರೆಯಲ್ಲಿ ಮೂರು ಮನೆಗಳನ್ನು ಹೆಚ್ಚುಕಡಿಮೆ ಮಾಡಿ ಹೇಳಲು ನನ್ನಿಂದಾಗುವುದಿಲ್ಲ.

ಮೂರೂ ಮನೆಯವರು ನೆಲವನ್ನು ಫಿನಾಯಿಲಿನಲ್ಲಿ ತೊಳೆದಿದ್ದರು. ಪಾರ್ವೊ ವೈರಾಣು ಅದಕ್ಕೆ ಬಗ್ಗುವುದಿಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷದವರೆಗೂ ಉಳಿಯುತ್ತದೆ, ಚಪ್ಪಲಿಗೆ ಅಂಟಿ ಇನ್ನೊಂದು ಮನೆಗೆ ಹೋಗುತ್ತದೆ. ಮೊದಲು ಹೊಲಸು ತೆಗೆದು ತೊಳೆದು, ಆಮೇಲೆ ಬಟ್ಟೆಗೆ ಹಾಕುವ ಬ್ಲೀಚಿನ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಟ್ಟರೆ ಸಾಯುತ್ತದೆ. ಇದನ್ನು ನಾನು ಶಿಕ್ಷಕಿಗೆ ಹೇಳಿದ್ದೆ, ಉಳಿದಿಬ್ಬರಿಗೆ ಹೇಳಿರಲಿಲ್ಲ. ಆಮೇಲೆ ಫೋನು ಮಾಡಿ ಹೇಳಿದೆ.

ನಾಲ್ಕನೆಯ ಮರಿಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ನಾನು ಓಣಿಗೆ ಹೋದಾಗ ಅದು ಸತ್ತು ಎರಡು ದಿನವಾಗಿತ್ತು. ದರ್ಜಿಯ ತಾಯಿ ಅದು ಮಲಗಿದ್ದನ್ನು ನೋಡಿದ್ದರು, ಬೆಲ್ಲದ ನೀರು ಬಿಟ್ಟಿದ್ದರು. ಆಸ್ಪತ್ರೆಗೆ ಯಾಕೆ ತರಲಿಲ್ಲ ಎಂದು ಕೇಳಿದ್ದಕ್ಕೆ, "ಅದೇನ್ ನಮ್ ನಾಯೇನಪ್ಪಾ?" ಎಂದರು. ಅನ್ನ ಹಾಕುವವರು ಬೇರೆ, ಯಜಮಾನರು ಬೇರೆ ಎಂಬ ತಿಳಿವಳಿಕೆ ನಮ್ಮ ಓಣಿಗಳಲ್ಲಿ ಗಟ್ಟಿಯಾಗಿದೆ. ಆಸ್ಪತ್ರೆಯ ರಿಜಿಸ್ಟರೂ ಅದನ್ನೇ ಕೇಳುತ್ತದೆ: ಮೊದಲ ಅಂಕಣ ಮಾಲೀಕರ ಹೆಸರು, ಎರಡನೆಯದು ವಿಳಾಸ.

ಬದುಕಿದ ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆಗೆ ಬರಬೇಕೆಂದು ಹೇಳಿದ್ದೆ. ಈ ಸಲ ಸಂಜೆ ಐದಕ್ಕೆ ಬನ್ನಿ, ನಾನು ಇರುತ್ತೇನೆ ಎಂದು ಹೊತ್ತನ್ನೂ ಹೇಳಿದ್ದೆ. ಭಟ್ಟಿಯವರು ಬಂದರು, ಜೊತೆಗೆ ಪಕ್ಕದ ಮನೆಯವರ ಎರಡು ನಾಯಿಗಳನ್ನೂ ತಂದರು. ಅವರ ಹಿಂದೆ ಅದೇ ಸೈಕಲ್ ಹುಡುಗ, ಹಳೆಯ ಸೀರೆಯ ಅಂಚಿನಲ್ಲಿ ಕಟ್ಟಿ, ದರ್ಜಿಯ ಓಣಿಯ ತಾಯಿನಾಯಿಯನ್ನು ಎಳೆದುಕೊಂಡು ಬಂದಿದ್ದ. ಮೂರು ನಾಯಿಗಳ ಹೆಸರು ಬರೆದಾದ ಮೇಲೆ ನಮ್ಮ ಸಿಬ್ಬಂದಿ ಪೆನ್ನು ಎತ್ತಿ, ಇದರ ಮಾಲೀಕರು ಯಾರು ಎಂದು ಕೇಳಿದರು. ಹುಡುಗ ಭಟ್ಟಿಯವರ ಮುಖ ನೋಡಿದ.

"ನಂದೇ ಬರ್ಕಳ್ರಿ" ಎಂದರು ಅವರು.